ಡಿಂಗನೂ ಇಲಿ, ‘ಮೌಸ್’ನಲ್ಲೂ ಇಲಿ: ಹೊಸ ಕಾಮಿಕ್ಸ್ ಹುಡುಕೋಣ ಬನ್ನಿ

ಮೆಟ್ರೋದಲ್ಲಿ ನಿಂತಿದ್ದೀರೋ, ಇಯರ್‌ಫೋನ್ ಹಾಕ್ಕೊಂಡು ಪಾತ್ರೆ ತೊಳೀತಿದ್ದೀರೋ, ಎಲ್ಲರಿಗೂ ಸ್ವಾಗತ. ಇವತ್ತು ಕಾಮಿಕ್ಸ್ ಬಗ್ಗೆ ಮಾತಾಡೋಣ. ಮನೇಲಿ ಯಾರಾದ್ರೂ ‘ಇನ್ನೂ ಚಿತ್ರದ ಪುಸ್ತಕ ಓದ್ತೀಯಾ?’ ಅಂತ ಕೇಳಿದ್ರೆ ಅವರಿಗೂ ಒಂದು ಇಯರ್‌ಫೋನ್ ಕೊಡಿ.

‘ಬಾಲಮಂಗಳ’ ಓದಿ ಬೆಳೆದವರಿಗೆ ಡಿಂಗ ಗೊತ್ತು. ಗೊತ್ತಿಲ್ಲದವರು ನಿಮ್ಮ ಅಕ್ಕನನ್ನೋ ಅಣ್ಣನನ್ನೋ ಕೇಳಿ. ಡಿಂಗ ಒಂದು ಇಲಿ. ಆದ್ರೆ ಹಾರುತ್ತೆ, ಕಾಡಿನ ದುರ್ಬಲ ಪ್ರಾಣಿಗಳಿಗೆ ಕಷ್ಟ ಬಂದ್ರೆ ಹಾಜರಾಗುತ್ತೆ. ಇನ್ನೊಂದು ಇಲಿ ಕಥೆಯಿದೆ, ಅಮೆರಿಕದ ಆರ್ಟ್ ಸ್ಪೀಗಲ್‌ಮನ್ ಬರೆದು ಚಿತ್ರಿಸಿದ ‘ಮೌಸ್’. ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ಇಲಿ ಅಂತಲೇ ಅರ್ಥ. ಇಲ್ಲಿ ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು. ಕಾಪಾಡೋಕೆ ಯಾರೂ ಹಾರಿ ಬರಲ್ಲ. ಒಂದು ಇಲಿಯಿಂದ ಇನ್ನೊಂದು ಇಲಿಗೆ ಹೋಗೋ ದಾರಿ ನಾವು ಅಂದುಕೊಂಡಷ್ಟು ದೂರ ಇಲ್ಲ ಅನ್ನೋದೇ ಇವತ್ತಿನ ಮಾತು.

‘ಮೌಸ್’ ಪುಸ್ತಕವಾಗಿ ಬಂದಿದ್ದು 1986ರಲ್ಲಿ, ಎರಡನೇ ಭಾಗ 1991ರಲ್ಲಿ. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಸಿಕ್ತು. ಪ್ರಶಸ್ತಿ ವಿಷಯ ಬಿಡಿ. ನನಗೆ ಅದರಲ್ಲಿ ಹಿಡಿಸಿದ್ದು ಅಪ್ಪನ ಪಾತ್ರ. ವ್ಲಾಡೆಕ್ ಅಂತ ಹೆಸರು, ಆಶ್ವಿಟ್ಜ್ ಶಿಬಿರದಿಂದ ಬದುಕಿ ಬಂದ ಮನುಷ್ಯ. ನಾವೇನು ನಿರೀಕ್ಷೆ ಮಾಡ್ತೀವಿ? ಅಷ್ಟು ಅನುಭವಿಸಿದವನು ಸಂತನ ಹಾಗೆ ಇರ್ತಾನೆ ಅಂತ. ಇವನು ಹಾಗಿಲ್ಲ. ಬಾಡಿಗೆ ಮನೆಯಲ್ಲಿ ಗ್ಯಾಸ್ ಫ್ರೀ, ಬೆಂಕಿಕಡ್ಡಿಗೆ ದುಡ್ಡು ಕೊಡಬೇಕು ಅಂತ ಒಲೆ ಆರಿಸದೇ ಉರಿಯೋಕೆ ಬಿಡ್ತಾನೆ. ಅರ್ಧ ತಿಂದ ಡಬ್ಬ ತಗೊಂಡು ಹೋಗಿ ಅಂಗಡಿಗೆ ವಾಪಸ್ ಕೊಡ್ತಾನೆ. ಅಷ್ಟೇ ಅಲ್ಲ, ಕಪ್ಪು ವರ್ಣದವನೊಬ್ಬನನ್ನು ಸೊಸೆ ಕಾರಿಗೆ ಹತ್ತಿಸಿಕೊಂಡಾಗ ಸಿಡಿಮಿಡಿ ಅಂತಾನೆ. ಜನಾಂಗ ದ್ವೇಷದಿಂದ ಎಲ್ಲವನ್ನೂ ಕಳೆದುಕೊಂಡವನೇ ಹೀಗಾ ಅಂತ ಸೊಸೆ ಬಾಯಿಬಿಟ್ಟು ಕೇಳ್ತಾಳೆ. ಮಗ ಇದನ್ನೆಲ್ಲ ಮುಚ್ಚಿಡದೆ ಬರೆದಿದ್ದಾನೆ. ನಮ್ಮ ಮನೆ ಹಿರಿಯರ ಬಗ್ಗೆ ಹೀಗೆ ಬರೆಯೋ ಧೈರ್ಯ ಎಷ್ಟು ಜನಕ್ಕಿದೆ, ಹೇಳಿ?

ಈಗ ಅಭಿಪ್ರಾಯದ ವಿಷಯಕ್ಕೆ ಬರ್ತೀನಿ. 2022ರ ಜನವರಿಯಲ್ಲಿ ಟೆನೆಸ್ಸಿ ರಾಜ್ಯದ ಮೆಕ್‌ಮಿನ್ ಕೌಂಟಿ ಶಾಲಾ ಮಂಡಳಿ ‘ಮೌಸ್’ ಅನ್ನು ಪಠ್ಯದಿಂದ ತೆಗೆದುಹಾಕ್ತು. 10 ಮತ ಪರ, ವಿರೋಧ ಸೊನ್ನೆ. ಕಾರಣ? ಕೆಲವು ಬೈಗುಳ ಪದಗಳು, ಒಂದು ನಗ್ನ ಚಿತ್ರ. ಆ ಚಿತ್ರ ಎಂಥದ್ದು ಗೊತ್ತಾ? ಲೇಖಕನ ತಾಯಿ ಆತ್ಮಹತ್ಯೆ ಮಾಡಿಕೊಂಡು ಸ್ನಾನದ ತೊಟ್ಟಿಯಲ್ಲಿ ಬಿದ್ದಿರೋ ಪುಟ್ಟ ಚಿತ್ರ. ಆ ಪುಟ ಪೂರ್ತಿ ಓದಿದವರಿಗೆ ಅದರಲ್ಲಿ ಕಾಣೋದು ಮಗನ ಸಂಕಟ. ಪುಟದಿಂದ ಕಿತ್ತು ನೋಡಿದವರಿಗೆ ಬಟ್ಟೆ ಇಲ್ಲ ಅನ್ನೋದು ಮಾತ್ರ. ಕಾಮಿಕ್ಸ್‌ನಲ್ಲಿ ಒಂದು ಚೌಕ ಪಕ್ಕದ ಚೌಕದ ಜೊತೆ ಸೇರಿಯೇ ಅರ್ಥ ಕೊಡುತ್ತೆ. ಎರಡರ ಮಧ್ಯೆ ಬಿಳಿ ಜಾಗ ಇರುತ್ತಲ್ಲ, ಇಂಗ್ಲಿಷಿನಲ್ಲಿ ಅದಕ್ಕೆ ಗಟರ್ ಅಂತಾರೆ. ಮೊದಲ ಚೌಕದಲ್ಲಿ ಎತ್ತಿದ ಕೈ, ಎರಡನೇ ಚೌಕದಲ್ಲಿ ಬರೀ ಕಿರುಚಾಟ. ಏಟು ಬಿದ್ದಿದ್ದು ಎಲ್ಲಿ? ನಿಮ್ಮ ತಲೆಯೊಳಗೆ. ಸ್ಕಾಟ್ ಮೆಕ್ಲೌಡ್ 1993ರಲ್ಲಿ ಕಾಮಿಕ್ಸ್ ಬಗ್ಗೆ ಕಾಮಿಕ್ಸ್ ರೂಪದಲ್ಲೇ ಒಂದು ಪುಸ್ತಕ ಮಾಡಿ ಇದನ್ನು ಚೆನ್ನಾಗಿ ವಿವರಿಸಿದ್ದಾರೆ.

ಹಾಗಾಗಿ ಹೊಸದೇನಾದ್ರೂ ಓದಿದಾಗ ‘ಸೂಪರ್’, ‘ಬೋರ್’, ಐದಕ್ಕೆ ನಾಲ್ಕು ಸ್ಟಾರ್ ಅಂತ ಬಿಟ್ಟುಬಿಡಬೇಡಿ. ಯಾವ ಪುಟದಲ್ಲಿ ಕೈ ನಿಂತಿತು, ಯಾಕೆ ನಿಂತಿತು, ಅಷ್ಟು ಹೇಳಿ. ಕೇಳಿದವನು ಆ ಪುಟ ನೋಡೋಕಾದ್ರೂ ಪುಸ್ತಕ ತೆರೀತಾನೆ.

ನಾನೇ ಒಂದು ಹೇಳ್ತೀನಿ. ‘ಭೀಮಾಯಣ’, 2011ರ ಪುಸ್ತಕ, ಅಂಬೇಡ್ಕರ್ ಬದುಕಿನ ಮೇಲೆ. ಚಿತ್ರ ಬರೆದವರು ಮಧ್ಯಪ್ರದೇಶದ ಗೊಂಡ ಕಲಾವಿದರು, ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಇದರಲ್ಲಿ ಚೌಕಗಳೇ ಇಲ್ಲ! ಪಾತ್ರಗಳನ್ನು ಪೆಟ್ಟಿಗೆಯೊಳಗೆ ಕೂಡಿಹಾಕಿದ್ರೆ ಉಸಿರು ಕಟ್ಟುತ್ತೆ ಅನ್ನೋದು ಅವರ ನಿಲುವು. ಅದರ ಬದಲು ಮನೆಯ ಗೋಡೆ, ನೆಲಕ್ಕೆ ಬರೆಯೋ ದಿಗ್ನ ಅನ್ನೋ ವಿನ್ಯಾಸ ಪುಟವನ್ನು ಭಾಗ ಮಾಡುತ್ತೆ. ಮಾತಿನ ಗುಳ್ಳೆ ನೋಡಿ ನಾನು ಕೂತಲ್ಲೇ ಕೂತುಬಿಟ್ಟೆ. ಮೃದುವಾಗಿ ಮಾತಾಡೋರ ಗುಳ್ಳೆಗೆ ಹಕ್ಕಿಯ ಆಕಾರ. ಜಾತಿ ಹೆಸರಲ್ಲಿ ಕುಟುಕೋರ ಗುಳ್ಳೆಗೆ ಚೇಳಿನ ಕೊಂಡಿ. ಒಂದೇ ಒಂದು ಅಕ್ಷರ ಓದದೇ ಇದ್ರೂ ಯಾರ ಬಾಯಲ್ಲಿ ವಿಷ ಇದೆ ಅಂತ ಗೊತ್ತಾಗುತ್ತೆ.

ಹೊಗಳಿದ್ದಾಯ್ತು, ತಕರಾರೂ ಇದೆ. ಬಸ್ ಸ್ಟಾಪಿನಲ್ಲಿ ಇಬ್ಬರು ಮೀಸಲಾತಿ ಬಗ್ಗೆ ಮಾತಾಡ್ತಾ ಕಥೆ ಶುರುವಾಗುತ್ತೆ. ಆ ಸಂಭಾಷಣೆ ಪಾಠ ಒಪ್ಪಿಸಿದ ಹಾಗಿದೆ. ಚಿತ್ರಗಳು ಓದುಗನನ್ನು ನಂಬುತ್ತವೆ, ಮಾತು ಅಷ್ಟು ನಂಬಲ್ಲ. ನೀವು ಒಪ್ಪದೇ ಇರಬಹುದು, ಪರವಾಗಿಲ್ಲ. ಜಗಳಕ್ಕೆ ನಾನು ರೆಡಿ.

ಎಲ್ಲಿಂದ ಶುರು ಮಾಡೋದು ಅಂದ್ರೆ, ಈಗ ಓದ್ತಿರೋದನ್ನು ಬಿಡಬೇಕಾಗಿಲ್ಲ. ಅದರ ಪಕ್ಕದ ಬಾಗಿಲು ತಟ್ಟಿ. ಮಾಂಗಾ ಓದ್ತೀರಾ? ಬಲದಿಂದ ಎಡಕ್ಕೆ ಪುಟ ತಿರುವೋದು ನಿಮಗೆ ರೂಢಿ ಆಗಿರುತ್ತೆ. ಹಾಗಾದ್ರೆ ಕೇಜಿ ನಕಜಾವಾ ಅವರ ‘ಬೇರ್‌ಫುಟ್ ಗೆನ್’ ಹುಡುಕಿ. ಹಿರೋಷಿಮಾ ಮೇಲೆ ಬಾಂಬ್ ಬಿದ್ದಾಗ ಅವರಿಗೆ 6 ವರ್ಷ. 1973ರಲ್ಲಿ ಅದು ಶುರುವಾಗಿದ್ದು ‘ವೀಕ್ಲಿ ಶೋನೆನ್ ಜಂಪ್’ನಲ್ಲಿ. ಹೌದು, ‘ನರುಟೊ’, ‘ಒನ್ ಪೀಸ್’ ಬಂದ ಅದೇ ಪತ್ರಿಕೆ. ಇನ್ನು ಮನೇಲಿ ಬಟ್ಟೆ ಬಗ್ಗೆ, ಹಾಡಿನ ಬಗ್ಗೆ ಕಿರಿಕಿರಿ ಇರೋರಿಗೆ ಮರ್ಜಾನ್ ಸತ್ರಾಪಿ ಅವರ ‘ಪರ್ಸೆಪೊಲಿಸ್’. 1979ರ ಕ್ರಾಂತಿಯ ನಂತರದ ಇರಾನ್. ಮಗಳಿಗೋಸ್ಕರ ಅಪ್ಪ ಅಮ್ಮ ಟರ್ಕಿಯಿಂದ ರಾಕ್ ಪೋಸ್ಟರ್‌ಗಳನ್ನು ಕೋಟಿನ ಒಳಗೆ ಹೊಲಿದು ಕದ್ದು ತರ್ತಾರೆ. ಬರೀ ಕಪ್ಪು ಬಿಳುಪು ಚಿತ್ರ. ನಗು ಬರುತ್ತೆ, ಹತ್ತು ಪುಟ ಆದ್ಮೇಲೆ ಬರಲ್ಲ.

ಬೆಲೆ ಜಾಸ್ತಿ ಅನ್ನೋದು ನಿಜ. ಬೆಂಗಳೂರಿನವರು ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಂಥ ಅಂಗಡಿಯಲ್ಲಿ ಹಳೇ ಪ್ರತಿ ಹುಡುಕಬಹುದು. ಉಳಿದವರು ಮೂರ್ನಾಲ್ಕು ಜನ ಸೇರಿ ಒಂದು ಪ್ರತಿ ಕೊಳ್ಳಿ, ಕೈ ಬದಲಾಯಿಸಿ.

ಮತ್ತೆ ಕನ್ನಡದ ಮಾತು. ನಾನು ಇಲ್ಲಿವರೆಗೆ ಹೇಳಿದ ದೊಡ್ಡ ಪುಸ್ತಕಗಳನ್ನೆಲ್ಲ ಓದಿದ್ದು ಇಂಗ್ಲಿಷಿನಲ್ಲಿ. ತಮಾಷೆ ಏನು ಗೊತ್ತಾ? ‘ಅಮರ ಚಿತ್ರ ಕಥೆ’ ಅಂದ ಕೂಡಲೇ ಅನಂತ ಪೈ, 1967 ಅಂತೀವಿ. ಆದ್ರೆ ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಅವರು ಹೇಳಿಕೊಂಡಿರುವ ಪ್ರಕಾರ 1965ರಲ್ಲಿ ಮೊದಲು ಬಂದಿದ್ದು ಕನ್ನಡದಲ್ಲಿ. ಇಂಗ್ಲಿಷ್ ಸರಣಿ 11ನೇ ಸಂಖ್ಯೆಯಿಂದ ಶುರುವಾಗೋದು, ಮೊದಲ 10 ಕನ್ನಡದವು ಅನ್ನೋ ಕಾರಣಕ್ಕೆ. ಹಾಗೆ ಶುರು ಮಾಡಿದ ಭಾಷೆಯಲ್ಲಿ ಇವತ್ತು ದೊಡ್ಡವರ ಕಾಮಿಕ್ಸ್ ಹುಡುಕೋಕೆ ಪರದಾಡಬೇಕು. ಚಿತ್ರ ಬರೆಯೋರು ಇಲ್ವಾ? ಇನ್‌ಸ್ಟಾಗ್ರಾಮ್ ತೆಗೀರಿ, ಎಷ್ಟು ಬೇಕಾದ್ರೂ ಇದ್ದಾರೆ. ಕೊಳ್ಳೋರಿದ್ದಾರೆ ಅನ್ನೋ ನಂಬಿಕೆ ಪ್ರಕಾಶಕರಿಗೆ ಬಂದಿಲ್ಲ ಅಂತ ನನ್ನ ಅನಿಸಿಕೆ. ಓದಿದ್ದನ್ನು ಕನ್ನಡದಲ್ಲಿ ಮಾತಾಡಿ ಅಂತ ನಾನು ತಲೆ ತಿನ್ನೋದು ಅದಕ್ಕೇ.

ಸದ್ಯ ನನ್ನ ಕೈಯಲ್ಲಿರೋದು ಓರಿಜಿತ್ ಸೇನ್ ಅವರ ‘ರಿವರ್ ಆಫ್ ಸ್ಟೋರೀಸ್’. ನರ್ಮದಾ ಅಣೆಕಟ್ಟೆ ವಿರುದ್ಧದ ಹೋರಾಟದ ಕಥೆ, 1994ರದ್ದು. ಎಷ್ಟೋ ವರ್ಷ ಪ್ರತಿಗಳೇ ಸಿಗ್ತಿರಲಿಲ್ಲ, 2022ರಲ್ಲಿ ಮರುಮುದ್ರಣ ಆಯ್ತು. ಅರ್ಧಕ್ಕೆ ಬಂದಿದ್ದೀನಿ. ಯಾವ ಪುಟದಲ್ಲಿ ನಿಂತೆ ಅಂತ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ. ಸಿಗೋಣ.