ಎಂಟು ಮಕ್ಕಳಿಂದ ಆರಂಭವಾದ ಶಾಲೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಹೆದ್ದಾರಿಗಳ ಬದಿಯಲ್ಲಿ 'ಇಂಟರ್‌ನ್ಯಾಷನಲ್ ಸ್ಕೂಲ್' ಎಂಬ ಫಲಕಗಳನ್ನು ನೀವೆಲ್ಲ ನೋಡಿರುತ್ತೀರಿ. ನಾವೂ ಅಂಥದ್ದೊಂದನ್ನು ಏಕೆ ಕಟ್ಟಬಾರದು ಎಂಬ ಮಾತು ನಮ್ಮ ನಡುವೆಯೂ ಕೇಳಿಬರುತ್ತಿದೆ. ಆಸೆ ಒಳ್ಳೆಯದೇ. ಆದರೆ ಕಟ್ಟುವ ಮೊದಲು, ಈ ಹೆಸರಿನ ಶಾಲೆ ಮೊದಲು ಯಾಕಾಗಿ ಹುಟ್ಟಿತು ಎಂಬುದನ್ನು ತಿಳಿಯಬೇಕಲ್ಲವೇ?

ಸ್ವಿಟ್ಜರ್ಲೆಂಡಿನ ಜಿನೀವಾ ನಗರಕ್ಕೆ ನಿಮ್ಮನ್ನು ಕರೆದೊಯ್ಯುತ್ತೇನೆ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಲೀಗ್ ಆಫ್ ನೇಷನ್ಸ್ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಅಲ್ಲಿ ನೆಲೆಯೂರಿದವು. ಹಲವು ದೇಶಗಳ ನೌಕರರು ಸಂಸಾರ ಸಮೇತ ಬಂದರು. ಮಕ್ಕಳನ್ನು ಓದಿಸುವುದೆಲ್ಲಿ? ತಂದೆಯ ಭಾಷೆ ಒಂದು, ಬೀದಿಯ ಭಾಷೆ ಇನ್ನೊಂದು, ಮುಂದೆ ಹೋಗಬೇಕಾದ ಕಾಲೇಜು ಮತ್ತೊಂದು ದೇಶದಲ್ಲಿ. ದುಬೈ, ದಮ್ಮಾಮ್‌ಗಳಲ್ಲಿ ಸಂಸಾರ ಹೂಡಿದ ನಮ್ಮವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪೋಷಕರು ಯಾರೋ ಬಂದು ಶಾಲೆ ತೆರೆದಾರೆಂದು ಕಾಯಲಿಲ್ಲ. ಪೋಲೆಂಡಿನ ವೈದ್ಯ ಲುಡ್ವಿಕ್ ರೈಶ್‌ಮನ್, ಅಮೆರಿಕದ ಆರ್ಥರ್ ಸ್ವೀಟ್ಸರ್ ಮೊದಲಾದವರು ಒಟ್ಟುಗೂಡಿದರು. ಜಿನೀವಾದ ಶಿಕ್ಷಣತಜ್ಞ ಅಡಾಲ್ಫ್ ಫೆರಿಯೇರ್ ತಮ್ಮ ಕುಟುಂಬದ ಮರದ ಮನೆಯನ್ನೇ ಬಿಟ್ಟುಕೊಟ್ಟರು. 1924ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಶಾಲೆ ಶುರುವಾಯಿತು. ಮಕ್ಕಳು ಎಷ್ಟು ಗೊತ್ತೇ? ಕೇವಲ ಎಂಟು! ನಮ್ಮೂರ ಒಂದು ಅಂಗನವಾಡಿಯಲ್ಲಿ ಅದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ. 1926ರಲ್ಲಿ ತಾಯಿ ಕಮಲಾ ನೆಹರೂ ಅವರ ಚಿಕಿತ್ಸೆಗಾಗಿ ಕುಟುಂಬ ಸ್ವಿಟ್ಜರ್ಲೆಂಡಿಗೆ ಹೋದಾಗ, ಬಾಲಕಿ ಇಂದಿರಾ ಕೂಡ ಕೆಲಕಾಲ ಈ ಶಾಲೆಯಲ್ಲಿ ಓದಿದ್ದರು.

1929ರಿಂದ ಇಪ್ಪತ್ತು ವರ್ಷ ಶಾಲೆಯನ್ನು ನಡೆಸಿದವರು ಒಬ್ಬ ಮಹಿಳೆ, ಮರೀ ತೆರೇಸ್ ಮೊರೆಟ್. ಪಾಠ ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ನಡೆಯುತ್ತಿತ್ತು. ಒಂದು ಭಾಷೆ ಬಲ್ಲ ಮಗು ಇನ್ನೊಂದನ್ನೂ ಕಲಿಯಬೇಕು. ಭೂಗೋಳದ ಪಾಠ ತನ್ನ ದೇಶದ ನಕ್ಷೆಗೆ ಸೀಮಿತವಲ್ಲ, ಇಡೀ ಭೂಗೋಲವೇ ಮಗುವಿನ ಮುಂದಿರಬೇಕು. ಇತಿಹಾಸವೆಂದರೆ ತನ್ನ ದೇಶದ ಗೆಲುವುಗಳ ಪಟ್ಟಿಯಲ್ಲ, ಎಲ್ಲ ಜನರ ಕಥೆ. ಇದು ಅವರ ನಿಲುವು.

ಆಮೇಲೆ ಎರಡನೇ ಮಹಾಯುದ್ಧ ಬಂತು. ಅನೇಕ ಕುಟುಂಬಗಳು ಊರು ಬಿಟ್ಟವು, ಮಕ್ಕಳ ಸಂಖ್ಯೆ ಕುಸಿಯಿತು, ಹಣದ ಮುಗ್ಗಟ್ಟು ತಲೆದೋರಿತು. ಆದರೂ ಶಾಲೆ ಬಾಗಿಲು ಹಾಕಲಿಲ್ಲ. ಶಾಲೆಯ ಹುಟ್ಟಿಗೆ ಕಾರಣವಾದ ಲೀಗ್ ಆಫ್ ನೇಷನ್ಸ್ 1946ರಲ್ಲಿ ವಿಸರ್ಜನೆಯಾಯಿತು. ದೊಡ್ಡವರು ಕಟ್ಟಿದ್ದು ಉಳಿಯಲಿಲ್ಲ, ಮಕ್ಕಳಿಗಾಗಿ ಕಟ್ಟಿದ್ದು ಉಳಿಯಿತು. ಮೊರೆಟ್ ತಮ್ಮ ಅನುಭವವನ್ನು 1948ರಲ್ಲಿ ಯುನೆಸ್ಕೋಗಾಗಿ ಬರೆದುಕೊಟ್ಟರು.

ಇನ್ನೊಂದು ಕಥೆ ಕೇಳಿ. ಒಂದೇ ತರಗತಿಯ ಮಕ್ಕಳು ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳಿಗಾಗಿ ಬೇರೆ ಬೇರೆ ಪರೀಕ್ಷೆಗಳಿಗೆ ಸಿದ್ಧರಾಗಬೇಕಿತ್ತು. ಒಟ್ಟಿಗೆ ಬೆಳೆದವರು ಕೊನೆಯಲ್ಲಿ ಬೇರೆಯಾಗುತ್ತಿದ್ದರು. ಶಿಕ್ಷಕರೇ ಕುಳಿತು ಎಲ್ಲರಿಗೂ ಒಂದೇ ಪರೀಕ್ಷೆಯ ಯೋಜನೆ ಹಾಕಿದರು. ಅದೇ 1968ರಲ್ಲಿ ಸಂಸ್ಥೆಯ ರೂಪ ತಾಳಿದ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಅಂದರೆ ಐಬಿ. ಇಂದು ಜಗತ್ತಿನ ಐದು ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿ ಅದರ ಪಠ್ಯಕ್ರಮವಿದೆ. ಎಂಟು ಮಕ್ಕಳ ಶಾಲೆಯಲ್ಲೂ ಈಗ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ.

ಒಂದು ಮಾತನ್ನು ಮುಚ್ಚಿಡಬಾರದು. ಲಾಭಕ್ಕಾಗಿ ನಡೆಯದ ಸಂಸ್ಥೆಯಾದರೂ ಅಲ್ಲಿನ ಶುಲ್ಕ ಬಲು ದುಬಾರಿ. ಬಡವರ ಮಕ್ಕಳು ಸುಲಭವಾಗಿ ಅಲ್ಲಿಗೆ ಕಾಲಿಡಲಾರರು. ನಾವು ಅನುಕರಿಸಬೇಕಾದದ್ದು ಆ ಶುಲ್ಕವನ್ನಲ್ಲ.

ಹಾಗಾದರೆ ಯಾವುದನ್ನು? ಬಹರೈನ್‌ನ ಇಂಡಿಯನ್ ಸ್ಕೂಲ್ ನೋಡಿ. 1950ರಲ್ಲಿ ಅಲ್ಲಿನ ಭಾರತೀಯ ಸಮುದಾಯವೇ ಅದನ್ನು ಆರಂಭಿಸಿತು. ಇಂದಿಗೂ ಆಡಳಿತ ಸಮಿತಿಯನ್ನು ಚುನಾಯಿಸುವವರು ಪೋಷಕರು. ಜಿನೀವಾ ಇರಲಿ, ಬಹರೈನ್ ಇರಲಿ, ಶಾಲೆ ನಿಂತದ್ದು 'ಇದು ನಮ್ಮದು' ಎಂದು ಹೆಗಲು ಕೊಟ್ಟವರಿಂದ.

ಬಂಧುಗಳೇ, ನಮಗೆ ಬಂದ ಮೊದಲ ದಿವ್ಯ ಆದೇಶವೇ ಓದಬೇಕೆಂಬುದು. ಅದರಲ್ಲಿ ಶ್ರೀಮಂತರ ಮಗುವಿಗೊಂದು, ಬೀಡಿ ಕಟ್ಟುವ ತಾಯಿಯ ಮಗಳಿಗೊಂದು ಎಂಬ ಭೇದವಿಲ್ಲ. ನಾವು ಹೊಸ ಶಾಲೆ ಕಟ್ಟಿದರೆ ಆ ತಾಯಿಯ ಮಗಳು, ಗಲ್ಫಿನಿಂದ ಮರಳಿದವರ ಮಗ, ಪಕ್ಕದ ಮನೆಯ ಹಿಂದೂ ಹಾಗೂ ಕ್ರೈಸ್ತ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವಂತಿರಲಿ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು ಆಡುವ ಮಗು ಕನ್ನಡವನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ. ಅಷ್ಟಾದರೆ ಫಲಕದ ಮೇಲೆ 'ಇಂಟರ್‌ನ್ಯಾಷನಲ್' ಎಂದು ಬರೆಯದಿದ್ದರೂ ನಡೆದೀತು.

ಕಟ್ಟಡಕ್ಕೆ ಹಣ ಕೊಡುವ ದಾನಿಗಳಿಗೆ ಅಲ್ಲಾಹನು ಪ್ರತಿಫಲ ನೀಡಲಿ. ಹಣ ಕೊಡಲಾಗದವರು ತಿಂಗಳಿಗೊಂದು ಸಂಜೆ ಕೊಡಿ, ಪೋಷಕರ ಸಭೆಗೆ ಬನ್ನಿ, ಶಾಲೆ ಬಿಟ್ಟ ಒಂದು ಮಗುವನ್ನಾದರೂ ಕೈಹಿಡಿದು ಮರಳಿ ಕರೆತನ್ನಿ. ಎಂಟು ಮಕ್ಕಳು ಸಿಕ್ಕರೂ ಸಾಕು, ನಾವು ಆರಂಭಿಸೋಣ. ಇನ್ಶಾ ಅಲ್ಲಾಹ್.