ಮಳೆಕಾಡಿನ ಸೇವೆಗೆ ಹೊರಡುವವರಿಗೆ
(ಯುವಕ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಬಂದಿರುವ ಯುವಕ ಸಂಘದ ಮಿತ್ರರೇ, ತಾಯಂದಿರೇ,

ಈ ದಿನ ನಾನು ಗೊಬ್ಬರದ ವಿಷಯವನ್ನಾಗಲಿ, ಬಿತ್ತನೆ ಬೀಜದ ವಿಷಯವನ್ನಾಗಲಿ ಹೇಳಲು ನಿಂತಿಲ್ಲ. ನಮ್ಮ ಸಂಘವೊಂದರ ತರುಣರೊಬ್ಬರು ನನ್ನನ್ನು ಕೇಳಿದರು: “ಹೊರದೇಶದ ಮಳೆಕಾಡಿನಲ್ಲಿ ಮೂರು ವಾರ ಸ್ವಯಂಸೇವೆ ಮಾಡಬೇಕೆಂದಿದ್ದೇನೆ ಸ್ವಾಮಿ. ಖರ್ಚಿಗೆ ನಮ್ಮಪ್ಪ ಎರಡು ಹಸು ಮಾರುತ್ತೇನೆಂದಿದ್ದಾರೆ. ಹೋಗಲೋ, ಬೇಡವೋ?” ಕೇಳಿದವರು ಒಬ್ಬರಾದರೂ ಉತ್ತರ ಹಲವರಿಗೆ ಬೇಕಾದೀತೆಂದು ಸಭೆಯಲ್ಲೇ ಹೇಳುತ್ತಿದ್ದೇನೆ.

ಅಲ್ಲಿ ಮಾಡುವ ಕೆಲಸ ನಮಗೆ ಹೊಸದೇನಲ್ಲ. ಸಸಿಮಡಿಯಲ್ಲಿ ಚೀಲಕ್ಕೆ ಮಣ್ಣು ತುಂಬುವುದು, ಗಿಡ ನೆಡುವುದು, ಕಾಲುದಾರಿ ಸವರುವುದು, ಕಪ್ಪೆ ಹಕ್ಕಿಗಳನ್ನು ಎಣಿಸಿ ಬರೆದಿಡುವುದು, ಇಷ್ಟೇ. ಇದಕ್ಕೆ ಕೂಲಿ ಇಲ್ಲ. ಬಹಳ ಕಡೆ ಊಟ ವಸತಿಗೆಂದು ಸೇವೆಗೆ ಬಂದವರಿಂದಲೇ ಹಣ ಪಡೆಯುತ್ತಾರೆ. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಆ ಹಣದಲ್ಲಿ ಕಾಡಿಗೆಷ್ಟು, ಮಧ್ಯಸ್ಥರಿಗೆಷ್ಟು ಎಂದು ಮೊದಲೇ ಕೇಳಿ ತಿಳಿಯಬೇಕು. ಪ್ರವಾಸಿ ವೀಸಾದ ಮೇಲೆ ಇಂಥ ಕೆಲಸ ಮಾಡಲು ಆ ದೇಶ ಒಪ್ಪುತ್ತದೆಯೇ ಎಂಬುದನ್ನೂ ಕೇಳಬೇಕು. ಬ್ರೆಜಿಲ್, ಕಾಂಗೋ ಮೊದಲಾದ ಕಡೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳತಕ್ಕದ್ದು. ಇಲ್ಲವಾದರೆ ಹಿಂದಿರುಗುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇಡುತ್ತಾರೆ.

ಹೋಗದೆಯೇ ಕಾಡು ಉಳಿಸಿದವರೂ ಉಂಟು. 1987ರಲ್ಲಿ ಸ್ವೀಡನ್ ದೇಶದ ಒಂದು ಹಳ್ಳಿ ಶಾಲೆಯ ಮಕ್ಕಳು ಚಿಲ್ಲರೆ ಹಣ ಕೂಡಿಸಿ, ಕೋಸ್ಟರಿಕಾ ದೇಶದಲ್ಲಿ ಕಡಿತಕ್ಕೆ ಗುರಿಯಾಗಿದ್ದ ಕಾಡಿನ ತುಂಡೊಂದನ್ನು ಕೊಳ್ಳಲು ಕಳಿಸಿದರು. ಬೇರೆ ಬೇರೆ ದೇಶಗಳ ಮಕ್ಕಳೂ ಕೈಗೂಡಿಸಿದ್ದರಿಂದ ಅದು ಬೆಳೆದು ಇಂದು 22,000 ಹೆಕ್ಟೇರಿಗೂ ಮೇಲಾಗಿದೆ. ಅದಕ್ಕೆ ಮಕ್ಕಳ ಮಳೆಕಾಡು ಎಂದೇ ಹೆಸರು.

ಆದ್ದರಿಂದ ಆ ತರುಣರಿಗೆ ನನ್ನ ಮಾತು ಇದು: ಸ್ವಂತ ಸಂಪಾದನೆಯಿಂದ ಹೋಗುವುದಾದರೆ ಸಂತೋಷವಾಗಿ ಹೋಗಿ ಬನ್ನಿ. ಹಾಲು ಕರೆಯುವ ಹಸು ಮಾರಿ ಹೋಗಬೇಡಿ. ಡೇರಿಯ ಬಟವಾಡೆಯಲ್ಲಿ ಮನೆ ನಡೆಯುವುದು ನನಗೆ ಗೊತ್ತಿದೆ, ಅವರಿಗೂ ಗೊತ್ತಿದೆ.

ಇಷ್ಟಕ್ಕೂ ನಮಗೆ ಅನ್ನ ಕೊಡುವ ಮಳೆಕಾಡು ಹೊರದೇಶದಲ್ಲಿಲ್ಲ. ಮಂಡ್ಯ ಜಿಲ್ಲೆಗೆ ಬೀಳುವ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಅದನ್ನೇ ನಂಬಿ ಭತ್ತ, ಕಬ್ಬು ಬೆಳೆಯಲಾದೀತೆ? ಕಾವೇರಿ ಹುಟ್ಟುವುದು ಕೊಡಗಿನ ತಲಕಾವೇರಿಯಲ್ಲಿ, ಹೇಮಾವತಿ ಹುಟ್ಟುವುದು ಮೂಡಿಗೆರೆ ಸೀಮೆಯ ಮಲೆಯಲ್ಲಿ. ಅಲ್ಲಿಯ ಕಾಡಿನಲ್ಲಿ ಮಳೆಹನಿ ನೇರವಾಗಿ ನೆಲಕ್ಕೆ ಬಡಿಯುವುದಿಲ್ಲ. ಎಲೆಯಿಂದ ಎಲೆಗೆ ಇಳಿದು, ತರಗಿನ ಮೇಲೆ ಬಿದ್ದು, ಬೇರಿನ ಸಂದಿಯಲ್ಲಿ ಒಳಗೆ ಸೇರುತ್ತದೆ. ನೆನೆದ ಗೋಣಿಚೀಲದಿಂದ ನೀರು ಜಿನುಗುವ ಹಾಗೆ, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹಳ್ಳಗಳಿಗೆ ಜಿನುಗುತ್ತದೆ. ಮರ ಹೋದ ಇಳಿಜಾರಿನಲ್ಲಾದರೋ ನೀರು ಮಣ್ಣನ್ನೂ ಹೊತ್ತುಕೊಂಡು ಒಂದೇ ದಿನಕ್ಕೆ ಓಡಿಬಿಡುತ್ತದೆ. ಆ ಮಣ್ಣು ಕೊನೆಗೆ ಬಂದು ಕೂರುವುದು ನಮ್ಮ ಕಟ್ಟೆಗಳ ತಳದಲ್ಲೇ. 2023ರಲ್ಲಿ ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಲಿಲ್ಲ. ನಾಲೆಯ ಕೊನೆಭಾಗದವರು ಪಟ್ಟ ಪಾಡನ್ನು ನಾನು ವಿವರಿಸಬೇಕಿಲ್ಲ. ಕಾಡೊಂದಿದ್ದರೆ ಮುಂಗಾರು ಕೈಕೊಡುವುದಿಲ್ಲವೆಂದು ನಾನು ಹೇಳಲಾರೆ. ಆದರೆ ಬಿದ್ದಷ್ಟನ್ನು ಹಿಡಿದು ನಿಧಾನವಾಗಿ ಬಿಡುವ ಕೆಲಸಕ್ಕೆ ಕಾಡಿನಂಥದು ಬೇರೊಂದಿಲ್ಲ.

ಯುವಕ ಸಂಘದಿಂದ ಏನಾದೀತು ಎನ್ನುವವರು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಥೆ ಕೇಳಬೇಕು. ಅಲ್ಲಿ ಸಹಜ ಕಾಡು ಕಡಿದು ತೇಗ, ನೀಲಗಿರಿ ಹಾಕುತ್ತಾ ಬಂದಂತೆ ಊರಿನ ಒರತೆಗಳು ಬತ್ತತೊಡಗಿದ್ದವು. ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣರು ಬಂದು ಮಾತನಾಡಿದರು. 1983ರ ಸೆಪ್ಟೆಂಬರ್ 8ರಂದು ಊರ ಯುವಕ ಮಂಡಲಿಯವರು, ಹೆಂಗಸರು, ಮಕ್ಕಳು ಕಳಸೆ ಕಾಡಿಗೆ ನಡೆದು ಹೋಗಿ ಕಡಿಯಬೇಕಿದ್ದ ಮರಗಳನ್ನು ಅಪ್ಪಿ ನಿಂತರು. 38 ದಿನ ಬಿಡಲಿಲ್ಲ. ಮರ ಕಡಿಯುವವರ ಮೇಲೆ ಕೈ ಮಾಡಲೂ ಇಲ್ಲ. ಪಾಂಡುರಂಗ ಹೆಗಡೆಯವರು ಮುಂದೆ ನಿಂತು ನಡೆಸಿದ ಈ ಅಪ್ಪಿಕೋ ಚಳವಳಿಗೆ ಇದ್ದ ಸೂತ್ರ ಮೂರೇ ಮಾತು: ಉಳಿಸು, ಬೆಳೆಸು, ಬಳಸು. ಮೂರನೆಯ ಮಾತು ನನಗೆ ಬಹಳ ಹಿಡಿಸಿತು. ಸೊಪ್ಪು, ಸೌದೆ, ಜೇನು ಬೇಡವೆಂದು ಹಳ್ಳಿಯವರಿಗೆ ಹೇಳಿದರೆ ಯಾರು ಕೇಳುತ್ತಾರೆ?

ಈಗ ನಮ್ಮ ಏರ್ಪಾಟು. ನಾಲ್ಕು ತಾಲ್ಲೂಕುಗಳಿಂದ ಹತ್ತು ಮಂದಿಯ ಒಂದು ತಂಡ ಕೊಡಗಿಗೆ ಎಂಟು ದಿನದ ಶ್ರಮದಾನಕ್ಕೆ ಹೋಗಬಹುದು. ಅಲ್ಲಿ ಸಾವಿರಕ್ಕೂ ಮೇಲೆ ದೇವರಕಾಡುಗಳಿವೆ. ಊರವರು ಒಪ್ಪಿದ ಕಡೆ ಅಂಚಿನಲ್ಲಿ ಸ್ಥಳೀಯ ಜಾತಿಯ ಸಸಿ ನೆಡುವ ಕೆಲಸ ಕೇಳೋಣ. ಸಸಿಯ ಆಯ್ಕೆಗೆ ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಸಲಹೆ ಪಡೆಯಬಹುದು. ಅಭಯಾರಣ್ಯದೊಳಗೆ ಇಲಾಖೆಯ ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ. ಹೋಗಲಾಗದವರಿಗೆ ಮೇಲುಕೋಟೆಯ ಕಾಡಿದೆ. ಅದು ಒಣಕಾಡು, 1974ರಿಂದ ತೋಳಗಳ ಅಭಯಾರಣ್ಯ. ಬೇಸಿಗೆಯಲ್ಲಿ ಅರಣ್ಯ ರಕ್ಷಕರೊಡನೆ ಬೆಂಕಿ ಕಾಯಲು ಜನ ಬೇಕೇ ಬೇಕು.

ಕೊಡಗಿಗೆ ಜೂನ್ ಕೊನೆಯೊಳಗೆ ಹೋಗಿ ಬರಬೇಕು. ತಡವಾದರೆ ನಾಲೆಯ ಕಡೆಯವರಿಗೆ ನಾಟಿ, ನಾಗಮಂಗಲದವರಿಗೆ ರಾಗಿ ಬಿತ್ತನೆ ಅಡ್ಡ ಬರುತ್ತದೆ. ಹೆಸರು ಕೊಡುವವರು ಮನೆಯ ಹಿರಿಯರನ್ನು ಕೇಳಿ ಬಂದು ಸಂಘದ ಕಾರ್ಯದರ್ಶಿಗಳ ಬಳಿ ಬರೆಸತಕ್ಕದ್ದು. ಗೊರಗ ಅಥವಾ ಮಳೆ ಅಂಗಿ, ಒಂದು ಕಂಬಳಿ, ಜಿಗಣೆಗೆ ಉಪ್ಪು, ಹೊಗೆಸೊಪ್ಪು ಜೊತೆಯಲ್ಲಿರಲಿ.