ಪಟ್ಟಿಯಲ್ಲಿಲ್ಲದ ಕೋರ್ಸಿಗೂ ನೆರವು ಬೇಕು

(ಕರಾವಳಿಯ ಪಟ್ಟಣವೊಂದರಲ್ಲಿ ಜಮಾಅತ್ ಏರ್ಪಡಿಸಿದ್ದ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಪಾಠ)



ವಿದ್ಯಾರ್ಥಿವೇತನ ವಿತರಣೆಯ ಸಭೆಗಳಲ್ಲಿ ಶಿಕ್ಷಣದ ಮಹತ್ವದ ಕುರಿತು ಮಾತನಾಡುವುದು ವಾಡಿಕೆ. ಅದನ್ನು ನೀವು ಸಾಕಷ್ಟು ಕೇಳಿದ್ದೀರಿ. ಇಂದು ನಾನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ. ಮೂರು ವರ್ಷಗಳ ಹಿಂದೆ ನಾನು ಇಂತಹುದೇ ಒಂದು ಸಮಿತಿಯ ಸದಸ್ಯನಾಗಿದ್ದೆ. ಪಿಯುಸಿ ವಿಜ್ಞಾನದಲ್ಲಿ ಉತ್ತಮ ಅಂಕ ಪಡೆದಿದ್ದ ಹುಡುಗಿಯೊಬ್ಬಳು ಅರ್ಜಿ ಹಾಕಿದ್ದಳು. ಕೋರ್ಸಿನ ಹೆಸರು ಇರುವಲ್ಲಿ ‘ಆಕ್ಯುಪೇಶನಲ್ ಥೆರಪಿ’ ಎಂದು ಬರೆದಿದ್ದಳು. ನಮ್ಮ ಬಳಿ ಒಂದು ಪಟ್ಟಿಯಿತ್ತು. ವೈದ್ಯಕೀಯ, ದಂತ ವೈದ್ಯಕೀಯ, ಇಂಜಿನಿಯರಿಂಗ್, ಫಾರ್ಮಸಿ, ನರ್ಸಿಂಗ್. ಅವಳ ಕೋರ್ಸು ಅದರಲ್ಲಿರಲಿಲ್ಲ. ‘ಪಟ್ಟಿಯಲ್ಲಿಲ್ಲ’ ಎಂದು ಬರೆದು ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಅದೇನು ಕೋರ್ಸು ಎಂದು ಯಾರೂ ಕೇಳಲಿಲ್ಲ. ಒಬ್ಬರು, “ಕೆಲಸ ಹುಡುಕಿಕೊಡುವ ತರಬೇತಿ ಇರಬೇಕು” ಎಂದರು. ಅವರನ್ನು ದೂರುವಂತಿಲ್ಲ. ‘ಔದ್ಯೋಗಿಕ ಚಿಕಿತ್ಸೆ’ ಎಂಬ ಅನುವಾದವನ್ನು ಕೇಳಿದರೆ ನಿರುದ್ಯೋಗಕ್ಕೆ ಕೊಡುವ ಮದ್ದು ಎಂದೇ ಯಾರಿಗಾದರೂ ತೋರೀತು! ಹುಡುಗಿ ಬಿ.ಕಾಂ.ಗೆ ಸೇರಿದಳು.

ಮರುವರ್ಷ ನನ್ನ ತಾಯಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಆಸ್ಪತ್ರೆಯವರು ಜೀವ ಉಳಿಸಿದರು, ಅಲ್‌ಹಮ್ದುಲಿಲ್ಲಾಹ್. ಫಿಸಿಯೋಥೆರಪಿಯಿಂದ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವಂತಾದರು. ಆದರೆ ಮನೆಗೆ ಬಂದ ಮೇಲೆ ಏನು? ಅನ್ನ ಕಲಸಿ ತಿನ್ನಲಾಗದು, ಕುಪ್ಪಸದ ಗುಂಡಿ ಹಾಕಲಾಗದು, ವುಝೂ ಮಾಡಲಾಗದು. ಸೊಸೆಯಂದಿರು ಪ್ರೀತಿಯಿಂದ ಎಲ್ಲವನ್ನೂ ಮಾಡಿಕೊಟ್ಟರು. ಆ ಪ್ರೀತಿಯೇ ಅವರನ್ನು ಇನ್ನಷ್ಟು ನಿಶ್ಶಕ್ತಗೊಳಿಸುತ್ತಿದೆಯೆಂದು ನಮಗೆ ತಿಳಿದಿರಲಿಲ್ಲ.

ವೈದ್ಯರೊಬ್ಬರ ಸಲಹೆಯಂತೆ ಬೇರೆ ಊರಿನಿಂದ ಆಕ್ಯುಪೇಶನಲ್ ಥೆರಪಿಸ್ಟ್ ಒಬ್ಬರನ್ನು ಕರೆಸಿದೆವು. ಅವರು ಔಷಧಿ ಬರೆಯಲಿಲ್ಲ. ಬಚ್ಚಲುಮನೆ ನೋಡಿದರು, ಅಡುಗೆಮನೆ ನೋಡಿದರು. ತಿರುಗಿಸುವ ನಲ್ಲಿಯನ್ನು ತೆಗೆದು, ಮಣಿಕಟ್ಟಿನಿಂದ ತಳ್ಳಿದರೂ ತೆರೆಯುವ ನಲ್ಲಿ ಹಾಕಿಸಿದರು. ಕುಳಿತು ವುಝೂ ಮಾಡಲು ಭದ್ರವಾದ ಸ್ಟೂಲು, ಪಕ್ಕದ ಗೋಡೆಗೆ ಹಿಡಿಕೆ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರು. ಅಂಗಿ ತೊಡುವಾಗ ಬಲಹೀನವಾದ ಕೈಯನ್ನು ಮೊದಲು ತೋಳಿಗೆ ಹಾಕಬೇಕು, ಕಳಚುವಾಗ ಅದನ್ನು ಕೊನೆಗೆ ತೆಗೆಯಬೇಕು ಎಂಬ ಸಣ್ಣ ವಿಷಯ ನಮಗೆ ಯಾರಿಗೂ ಹೊಳೆದಿರಲಿಲ್ಲ. ತಾಯಿ ತಮ್ಮ ಕೈಯಿಂದಲೇ ಗಂಜಿ ಕುಡಿದ ದಿನ ಮನೆಯಲ್ಲಿ ಹಬ್ಬದ ವಾತಾವರಣವಿತ್ತು. ಆದರೆ ಬಂದವರು ಪುರುಷರಾಗಿದ್ದರು. ಸ್ನಾನ, ಉಡುಪಿನ ಅಭ್ಯಾಸವನ್ನು ಅವರಿಂದ ಕಲಿಯಲು ಉಮ್ಮ ಒಪ್ಪಲಿಲ್ಲ. “ಹೆಂಗಸರು ಯಾರೂ ಇಲ್ಲವೇ ಮಗನೇ?” ಎಂದು ಕೇಳಿದರು. ನಾನು ಸಹಿ ಹಾಕಿದ್ದ ಆ ಅರ್ಜಿ ನೆನಪಾಗಿ ತಲೆ ತಗ್ಗಿಸಿದೆ.

ಸಹೋದರರೇ, ಈ ವಿದ್ಯೆ ಹೊಸತೇನಲ್ಲ. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭಿಸಿದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಮಹಿಳೆ. 1952ರಲ್ಲಿ ಈ ವೃತ್ತಿಯ ಜಾಗತಿಕ ಒಕ್ಕೂಟ ರೂಪುಗೊಂಡಾಗ ಭಾರತ ಅದರ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲೊಂದಾಗಿತ್ತು. ಲಕ್ವ ಮಾತ್ರವಲ್ಲ, ಮೆದುಳಿನ ಪಾರ್ಶ್ವವಾಯುವಿನಿಂದ ಬಳಲುವ ಮಕ್ಕಳು, ಆಟಿಸಂ ಇರುವ ಮಕ್ಕಳು, ಸುಟ್ಟ ಗಾಯದಿಂದ ಬೆರಳು ಮಡಚಿಕೊಂಡವರು, ಕುಷ್ಠದಿಂದ ಕೈಯ ಸ್ಪರ್ಶ ಕಳೆದುಕೊಂಡವರು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು, ಎಲ್ಲರಿಗೂ ಇದು ಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಅಧಿಕ ಮಂದಿ ಅಂಗವಿಕಲರಿದ್ದರು. ಅವರಲ್ಲಿ ಎಷ್ಟು ಮಂದಿ ನಮ್ಮ ಮೊಹಲ್ಲಾಗಳ ಒಳಕೋಣೆಗಳಲ್ಲಿ, ಮದುವೆಯ ಮಾತುಕತೆಗೆ ಅಡ್ಡಿಯಾದೀತೆಂಬ ಭಯದಿಂದ ಕಣ್ಮರೆಯಾಗಿ ಕುಳಿತಿದ್ದಾರೆ? ಅಂಧರಾಗಿದ್ದ ಅಬ್ದುಲ್ಲಾ ಇಬ್ನು ಉಮ್ಮು ಮಕ್ತೂಮ್‌(ರ)ರನ್ನು ಪ್ರವಾದಿವರ್ಯರು(ಸ) ಮುಅದ್ದಿನ್ ಆಗಿ ನೇಮಿಸಿದ್ದರು, ತಾವು ಮದೀನಾದಿಂದ ಹೊರಗೆ ಹೋದಾಗ ನಗರದ ಹೊಣೆಯನ್ನೂ ವಹಿಸಿದ್ದರು. ಆ ಸಮುದಾಯದ ವಾರಸುದಾರರು ನಾವು.

ಇನ್ನು ಹಣದ ವಿಷಯ. ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷಗಳ ಪದವಿಯಾಗಿ ಇದು ಬಹುಕಾಲ ನಡೆದು ಬಂದಿದೆ. 2021ರಲ್ಲಿ ಸಂಸತ್ತು ಆರೋಗ್ಯ ಸಂಬಂಧಿ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾನೂನನ್ನು ಅಂಗೀಕರಿಸಿದ ಬಳಿಕ ಅವಧಿ ಮತ್ತು ಪ್ರವೇಶದ ನಿಯಮಗಳು ಬದಲಾಗುತ್ತಿವೆ. ಆದ್ದರಿಂದ ಪ್ರತಿ ವರ್ಷದ ಪ್ರಕಟಣೆಯನ್ನು ನೋಡಿಯೇ ಮುಂದುವರಿಯಬೇಕು. ಖಾಸಗಿ ಸಂಸ್ಥೆಗಳ ಶುಲ್ಕ ಸಾಮಾನ್ಯ ಕುಟುಂಬಕ್ಕೆ ಎಟುಕದು. ಆದರೆ ಒಡಿಶಾದ ಕಟಕ್ ಸಮೀಪದ ಸ್ವಾಮಿ ವಿವೇಕಾನಂದ ರಾಷ್ಟ್ರೀಯ ಪುನರ್ವಸತಿ ಸಂಸ್ಥೆ, ಕೋಲ್ಕತಾದ ಚಲನಾಂಗ ವೈಕಲ್ಯ ಸಂಸ್ಥೆ, ದೆಹಲಿಯ ದೀನದಯಾಳ್ ಉಪಾಧ್ಯಾಯ ಸಂಸ್ಥೆ, ಚೆನ್ನೈ ಬಳಿಯ ಮುಟ್ಟುಕಾಡಿನ ಬಹು ಅಂಗವೈಕಲ್ಯ ಸಂಸ್ಥೆ ಮುಂತಾದ ಕೇಂದ್ರ ಸರಕಾರದ ಸಂಸ್ಥೆಗಳಲ್ಲಿ ಶುಲ್ಕ ಎಷ್ಟೋ ಕಡಿಮೆ. ಅಲ್ಲಿ ಸೀಟು ಸಿಕ್ಕಿತೆಂದರೆ ಅದೇ ಅತಿದೊಡ್ಡ ವಿದ್ಯಾರ್ಥಿವೇತನ. ದುರದೃಷ್ಟವೆಂದರೆ ನಮ್ಮ ಮಕ್ಕಳಿಗೆ ಇವುಗಳ ಹೆಸರೇ ತಿಳಿದಿಲ್ಲ. ತಿಳಿದರೂ, ಹೆಣ್ಣುಮಗಳನ್ನು ಕಟಕ್‌ಗೆ ಕಳುಹಿಸುವುದೇ ಎಂಬ ಪ್ರಶ್ನೆ ಏಳುತ್ತದೆ. ಅದು ಸಹಜವಾದ ಆತಂಕ. ಅದನ್ನು ಗೇಲಿ ಮಾಡುವುದರಿಂದ ಪ್ರಯೋಜನವಿಲ್ಲ. ಸುರಕ್ಷಿತ ಹಾಸ್ಟೆಲಿನ ಖರ್ಚು, ವರ್ಷಕ್ಕೆರಡು ಬಾರಿ ತಂದೆಯೊಂದಿಗೆ ಪ್ರಯಾಣದ ಖರ್ಚು, ಇವನ್ನೂ ನೆರವಿನ ಲೆಕ್ಕಕ್ಕೆ ಸೇರಿಸಿದರೆ ಎಷ್ಟೋ ಮನೆಗಳ ಆತಂಕ ಕಡಿಮೆಯಾಗುತ್ತದೆ.

ಸರಕಾರದ ನೆರವಿನ ಕಥೆ ಬೇರೆ. ಸಾಚಾರ್ ಸಮಿತಿಯ ವರದಿ 2006ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂತು. 2007-08ರಲ್ಲಿ ಅಲ್ಪಸಂಖ್ಯಾತರಿಗಾಗಿ ‘ಮೆರಿಟ್ ಕಮ್ ಮೀನ್ಸ್’ ವಿದ್ಯಾರ್ಥಿವೇತನ ಜಾರಿಗೊಂಡಿತು. ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗೆ, ವಾರ್ಷಿಕ ಎರಡೂವರೆ ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ, ವರ್ಷಕ್ಕೆ 20,000 ರೂ.ವರೆಗೆ ಶುಲ್ಕ, ಹಾಸ್ಟೆಲ್‌ನಲ್ಲಿರುವವರಿಗೆ 10,000 ರೂ. ನಿರ್ವಹಣಾ ವೆಚ್ಚ. ಶೇ. 30 ವಿದ್ಯಾರ್ಥಿನಿಯರಿಗೆ ಮೀಸಲು. ಕಾಲೇಜುಗಳ ಶುಲ್ಕ ಏರುತ್ತಲೇ ಹೋದರೂ ಆ 20,000 ಅಲ್ಲೇ ನಿಂತಿತು. ಕೊನೆಗೆ 2021-22ರ ಬಳಿಕ ಯೋಜನೆಯ ಮುಂದುವರಿಕೆಗೆ ಅನುಮೋದನೆಯೇ ದೊರೆಯಲಿಲ್ಲ. 2022ರ ಡಿಸೆಂಬರ್‌ನಲ್ಲಿ ಮೌಲಾನಾ ಆಝಾದ್ ಸಂಶೋಧನಾ ಫೆಲೋಶಿಪ್ ನಿಲ್ಲಿಸಿರುವುದಾಗಿ ಸರಕಾರ ಲೋಕಸಭೆಯಲ್ಲಿ ಹೇಳಿತು. ‘ಸಬ್ ಕಾ ವಿಕಾಸ್’ ಎನ್ನುವವರು ಬಡವರ ಮಕ್ಕಳ ಪುಸ್ತಕದ ಹಣದಲ್ಲೇ ಉಳಿತಾಯ ಹುಡುಕಿದ್ದು ವಿಷಾದನೀಯ. ಆದರೆ ಈ ಕಥೆಯ ಇನ್ನೊಂದು ಮುಖವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. 2023ರಲ್ಲಿ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯವು 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಿಷ್ಕ್ರಿಯ ಎಂದು ಕಂಡುಬಂದು, ಪ್ರಕರಣ ಸಿಬಿಐಗೆ ಹೋಯಿತು. ವಂಚಕರನ್ನು ಹಿಡಿಯಬೇಕಿತ್ತು, ವಿದ್ಯಾರ್ಥಿಗಳ ಬಾಗಿಲನ್ನು ಮುಚ್ಚಬಾರದಿತ್ತು. ಅಷ್ಟೇ ಸತ್ಯವಾದ ಮಾತೆಂದರೆ, ನಮ್ಮ ನಡುವೆಯೂ ಸುಳ್ಳು ಪಟ್ಟಿಗೆ ಸಹಿ ಹಾಕುವವರಿದ್ದಾರೆ, ಅವರನ್ನು ನಾವು ಸಮಾಜದ ಮುಖಂಡರೆಂದು ಮಾಲೆ ಹಾಕಿ ಸ್ವಾಗತಿಸುತ್ತೇವೆ.

ರಾಜ್ಯದಲ್ಲಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ವೃತ್ತಿಪರ ಕೋರ್ಸುಗಳ ಅನೇಕ ವಿದ್ಯಾರ್ಥಿಗಳಿಗೆ ಆಸರೆಯಾಗಿದೆ. ಆಕ್ಯುಪೇಶನಲ್ ಥೆರಪಿಗೆ ಸೇರುವವರು ಜಿಲ್ಲಾ ಕಚೇರಿಗೆ ಹೋಗಿ ತಮ್ಮ ಕೋರ್ಸು ಅದರ ವ್ಯಾಪ್ತಿಗೆ ಬರುತ್ತದೆಯೇ ಎಂದು ಲಿಖಿತವಾಗಿ ಕೇಳಲಿ. ಬಾಯಿಮಾತಿನ ‘ಇಲ್ಲ’ ಎಂಬ ಉತ್ತರಕ್ಕೆ ಹಿಂದಿರುಗಬೇಡಿ. ಬರವಣಿಗೆಯಲ್ಲಿ ‘ಇಲ್ಲ’ ಎಂದು ಬಂದರೆ, ಸೇರಿಸಿ ಎಂದು ಶಾಸಕರ ಮುಂದೆ ಬೇಡಿಕೆ ಇಡಲು ನಮಗೊಂದು ಆಧಾರವಾದರೂ ಸಿಗುತ್ತದೆ.

ಉಳಿದುದು ನಮ್ಮ ಕೈಯಲ್ಲಿರುವ ಹಣ. ಝಕಾತ್‌ನ ಎಂಟು ಹಕ್ಕುದಾರರನ್ನು ಕುರ್‌ಆನ್ ಅತ್ತೌಬಾ ಅಧ್ಯಾಯದ 60ನೇ ಸೂಕ್ತದಲ್ಲಿ ನಿಗದಿಪಡಿಸಿದೆ. ಬಡ ವಿದ್ಯಾರ್ಥಿಯು ವಿದ್ಯಾರ್ಥಿ ಎಂಬ ಕಾರಣಕ್ಕಲ್ಲ, ಬಡವನೆಂಬ ಕಾರಣಕ್ಕೆ ಅದರ ಹಕ್ಕುದಾರನಾಗುತ್ತಾನೆ. ಝಕಾತ್‌ಗೆ ಅರ್ಹರಲ್ಲದ, ಆದರೂ ಶುಲ್ಕ ಕಟ್ಟಲಾಗದ ಮಧ್ಯಮ ವರ್ಗಕ್ಕೆ ಸದಕಾ ನಿಧಿ ಇದೆ, ಕರ್ಝೆ ಹಸನ್ ಇದೆ. ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕ್ ಸದಸ್ಯೇತರ ದೇಶಗಳ ಮುಸ್ಲಿಮ್ ವಿದ್ಯಾರ್ಥಿಗಳಿಗೆ ಕೊಡುತ್ತ ಬಂದ ನೆರವಿನ ಕ್ರಮ ಇಲ್ಲಿ ಮಾದರಿಯಾಗಬಹುದು: ವಿದ್ಯಾರ್ಥಿ ಬಡ್ಡಿಯಿಲ್ಲದೆ ಪಡೆದ ಹಣವನ್ನು ಉದ್ಯೋಗ ದೊರೆತ ಬಳಿಕ ಬ್ಯಾಂಕಿಗಲ್ಲ, ತನ್ನದೇ ಸಮುದಾಯದ ಟ್ರಸ್ಟ್‌ಗೆ ಮರಳಿಸುತ್ತಾನೆ. ಅದು ಮುಂದಿನ ವಿದ್ಯಾರ್ಥಿಗೆ ಹೋಗುತ್ತದೆ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆ ವಕ್ಫ್‌ನ ಆದಾಯದಿಂದಲೇ ನಡೆಯುತ್ತಿತ್ತು. ಗುಣಮುಖರಾಗಿ ಹೊರಡುವವರಿಗೆ, ಕೂಡಲೇ ದುಡಿಮೆಗೆ ಇಳಿಯಬೇಕಾಗದಿರಲೆಂದು, ಅಲ್ಲಿ ಹಣ ಕೊಡಲಾಗುತ್ತಿತ್ತು ಎನ್ನುತ್ತದೆ ಇತಿಹಾಸ. ನಮ್ಮ ವಕ್ಫ್ ಮಳಿಗೆಗಳ ಬಾಡಿಗೆ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಈ ಸಭೆಯಲ್ಲಿ ಕೆದಕುವುದಿಲ್ಲ. ಅದಕ್ಕೆ ಇನ್ನೊಂದು ದಿನ ಬೇಕು.

ನೆರವು ಕೊಡುವ ವಿಧಾನವೂ ಬದಲಾಗಬೇಕು. ಜೂನ್-ಜುಲೈಯಲ್ಲಿ ಶುಲ್ಕ ಕಟ್ಟಬೇಕು, ನಮ್ಮ ಚೆಕ್ ಸಿಗುವುದು ರಮಝಾನಿನ ನಂತರ. ಅಷ್ಟರಲ್ಲಿ ತಂದೆ ಬಡ್ಡಿಗೆ ಸಾಲ ಮಾಡಿರುತ್ತಾನೆ, ಇಲ್ಲವೇ ತಾಯಿಯ ಬಳೆ ಅಡವಿಟ್ಟಿರುತ್ತಾನೆ. ಮೊದಲ ವರ್ಷ ಕೊಟ್ಟು ಎರಡನೇ ವರ್ಷ ಮರೆತರೆ ಹುಡುಗಿ ನಡುನೀರಿನಲ್ಲಿ. ಐದು ಸಾವಿರವನ್ನು ನೂರು ಮಂದಿಗೆ ಹಂಚಿ ಫೋಟೋ ತೆಗೆಸಿಕೊಳ್ಳುವ ಬದಲು, ಹತ್ತು ಮಂದಿಯನ್ನು ಕೊನೆಯ ವರ್ಷದವರೆಗೆ ದಾಟಿಸಿದರೆ ಆ ಹತ್ತು ಮನೆಗಳಿಗೆ ಒಬ್ಬೊಬ್ಬ ಪದವೀಧರರಾದರೂ ಸಿಗುತ್ತಾರೆ. ವೇದಿಕೆಯಲ್ಲಿ ಇದಕ್ಕೆ ಭಿನ್ನಾಭಿಪ್ರಾಯವಿದೆಯೆಂದು ನನಗೆ ಗೊತ್ತು. ಆದರೂ ಹೇಳಿದ್ದೇನೆ.

ಜಮಾಅತ್‌ನ ಸಮಿತಿ ಕಳೆದ ವಾರ ಆ ಹಳೆಯ ಮಾದರಿಯ ಪಟ್ಟಿಯನ್ನು ಕೈಬಿಟ್ಟಿದೆ. ಸರಕಾರದ ಅಥವಾ ವಿಶ್ವವಿದ್ಯಾನಿಲಯದ ಮಾನ್ಯತೆ ಇರುವ ಯಾವ ಕೋರ್ಸಿಗಾದರೂ ಅರ್ಜಿ ಹಾಕಬಹುದು. ಆಕ್ಯುಪೇಶನಲ್ ಥೆರಪಿಗೆ ಈ ವರ್ಷ ಇಬ್ಬರು ವಿದ್ಯಾರ್ಥಿನಿಯರ ಪೂರ್ಣ ಹೊಣೆ ಹೊರಲು ನಿರ್ಧರಿಸಲಾಗಿದೆ. ಸಮಿತಿಗೆ ಇಬ್ಬರು ಮಹಿಳಾ ಸದಸ್ಯರು ಸೇರಿದ್ದಾರೆ. ಅರ್ಜಿಗಳು ಶುಕ್ರವಾರದ ಜುಮಾ ಬಳಿಕ ಮಸೀದಿಯ ಕಚೇರಿಯಲ್ಲಿಯೂ, ಸೋದರಿಯರಿಗೆ ಮದ್ರಸದ ಕಚೇರಿಯಲ್ಲಿಯೂ ದೊರೆಯುತ್ತವೆ. ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿರುವ ಹೆಣ್ಣುಮಕ್ಕಳು ಇಲ್ಲಿದ್ದರೆ ಈ ದಿನವೇ ಹೆಸರು ಕೊಡಿ. ಪ್ರವೇಶದ ಪ್ರಕಟಣೆಗಳನ್ನು ಗಮನಿಸಿ ನಿಮ್ಮ ಮನೆಗೆ ತಿಳಿಸುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.